ಆಂಡಾನ್: ಲೈನ್ ನಿಲ್ಲಿಸುವ ಹಗ್ಗ

ಕಾರ್ಖಾನೆಯಲ್ಲಿ ಕೆಲಸ ಮಾಡಿದವರನ್ನು ಆಂಡಾನ್ ಅಂದರೇನು ಅಂತ ಕೇಳಿ. ಮೆಷಿನ್ ಮೇಲಿರುವ ಹಸಿರು, ಹಳದಿ, ಕೆಂಪು ದೀಪಗಳ ಕಂಬ ತೋರಿಸುತ್ತಾರೆ. ತಪ್ಪೇನಿಲ್ಲ. ಜಪಾನಿನಲ್ಲಿ ಮರದ ಇಲ್ಲವೇ ಬಿದಿರಿನ ಚೌಕಟ್ಟಿಗೆ ಕಾಗದ ಅಂಟಿಸಿ, ಒಳಗೆ ಎಣ್ಣೆ ದೀಪ ಇಡುತ್ತಿದ್ದ ಹಳೇ ಕಾಲದ ಲಾಟೀನಿಗೇ ಆ ಹೆಸರು. ಆದರೆ ಲೀನ್ ಪದ್ಧತಿಯಲ್ಲಿ, ಅಂದರೆ ಟೊಯೋಟಾ ಕಂಪನಿ ಬೆಳೆಸಿದ ತಯಾರಿಕೆಯ ರೀತಿಯಲ್ಲಿ, ಆಂಡಾನ್ ದೀಪಕ್ಕಿಂತ ಜಾಸ್ತಿ. ಅದು ಕೆಲಸಗಾರನ ಕೈಗೆ ಕೊಟ್ಟ ಹಕ್ಕು. ಏನೋ ಸರಿಯಿಲ್ಲ ಅನ್ನಿಸಿದರೆ ಯಾರು ಬೇಕಾದರೂ ಪಕ್ಕದಲ್ಲಿರುವ ಹಗ್ಗ ಎಳೆದು ಸಹಾಯಕ್ಕೆ ಕರೆಯಬಹುದು, ಬೇಕಾದರೆ ಕಾರು ಜೋಡಿಸುವ ಇಡೀ ಲೈನನ್ನೇ ನಿಲ್ಲಿಸಬಹುದು.

ಇದರ ಬೇರು ಮಗ್ಗದಲ್ಲಿದೆ. ನೂಲು ಹರಿದರೂ ಮಗ್ಗ ಓಡುತ್ತಲೇ ಇದ್ದರೆ ಕೆಟ್ಟ ಬಟ್ಟೆ ಮೊಳಗಟ್ಟಲೆ ಹೊರಗೆ ಬರುತ್ತದೆ, ಅಲ್ವಾ? ಸಾಕಿಚಿ ಟೊಯೋಡಾ ನೂಲು ಹರಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದರು. 1924ರಲ್ಲಿ ಬಂದ ಜಿ ಮಾದರಿಯ ಮಗ್ಗ ಅದರಲ್ಲಿ ಹೆಸರಾಂತದ್ದು. ಅವರ ಮಗ ಕೀಚಿರೋ ಟೊಯೋಟಾ ಕಾರು ಕಂಪನಿ ಕಟ್ಟಿದಾಗ ಈ ಯೋಚನೆಯೂ ಜೊತೆಗೆ ಬಂತು. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲುವ ಈ ಪದ್ಧತಿಯನ್ನು ಟೊಯೋಟಾದವರು ಜಿಡೋಕಾ ಅನ್ನುತ್ತಾರೆ.

ಹಗ್ಗ ಎಳೆದ ತಕ್ಷಣ ಲೈನ್ ಗಕ್ಕನೆ ನಿಲ್ಲುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮೊದಲು ತಲೆ ಮೇಲಿನ ಬೋರ್ಡಿನಲ್ಲಿ ಆ ಜಾಗದ ನಂಬರ್ ಹೊತ್ತಿಕೊಳ್ಳುತ್ತದೆ, ಒಂದು ಟ್ಯೂನ್ ಕೇಳಿಸುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಮಾತ್ರ ಚಲಿಸುತ್ತಲೇ ಇರುತ್ತದೆ. ಅದು ಆ ಕೆಲಸದ ಜಾಗ ಮುಗಿಯುವ ಗೆರೆ ತಲುಪುವುದರೊಳಗೆ ತೊಂದರೆ ಸರಿಹೋದರೆ ಹಗ್ಗವನ್ನು ಇನ್ನೊಮ್ಮೆ ಎಳೆದರೆ ಆಯಿತು, ಕೆಲಸ ನಡೆಯುತ್ತದೆ. ಸರಿಹೋಗದಿದ್ದರೆ ಗೆರೆಯ ಹತ್ತಿರ ಲೈನ್ ನಿಲ್ಲುತ್ತದೆ. ಸಿಗುವ ಸಮಯ ಹೆಚ್ಚುಕಮ್ಮಿ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಓಡಿಬಂದವನು ಏನು ಮಾಡುತ್ತಾನೆ, ಹೇಗೆ ಮಾತಾಡುತ್ತಾನೆ ಅನ್ನುವುದೇ ಆ ಕಂಪನಿಯ ಸಂಸ್ಕೃತಿ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆ ಇತ್ತು. ಗೈರುಹಾಜರಿ ವಿಪರೀತ, ಜಗಳ ದಿನನಿತ್ಯದ್ದು. ಏನೇ ಆದರೂ ಲೈನ್ ನಿಲ್ಲಿಸಬಾರದು ಅನ್ನುವುದು ಅಲ್ಲಿನ ನಿಯಮ. ಕೆಟ್ಟ ಕಾರು ಹಾಗೇ ಮುಂದೆ ಹೋಗಿ ಹೊರಗಿನ ಯಾರ್ಡಿನಲ್ಲಿ ರಿಪೇರಿಗೆ ಸಾಲು ನಿಲ್ಲುತ್ತಿತ್ತು. 1982ರಲ್ಲಿ ಬಾಗಿಲು ಮುಚ್ಚಿತು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಸೇರಿ ಅದೇ ಕಟ್ಟಡದಲ್ಲಿ ನೂಮಿ (NUMMI) ಹೆಸರಿನಲ್ಲಿ ಮತ್ತೆ ಶುರು ಮಾಡಿದರು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಯೂನಿಯನ್ ಕೂಡ ಅದೇ. ಅವರಲ್ಲಿ ನೂರಾರು ಜನರನ್ನು ಜಪಾನಿನ ತಕಾವೋಕಾ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಅವರು ಲೈನಿನಲ್ಲಿ ನಿಂತು ಕೆಲಸ ಮಾಡಿದರು, ಹಗ್ಗ ಎಳೆದರೆ ಬೈಯುವ ಬದಲು ಸಹಾಯಕ್ಕೆ ಬರುತ್ತಾರೆ ಅನ್ನುವುದನ್ನು ಕಣ್ಣಾರೆ ನೋಡಿದರು. ವಾಪಸ್ ಬಂದ ಮೇಲೆ ಸ್ವಲ್ಪ ಕಾಲದಲ್ಲೇ ಫ್ರೀಮಾಂಟಿನ ಕಾರುಗಳ ಗುಣಮಟ್ಟ ಅಮೆರಿಕದ ಒಳ್ಳೆಯ ಕಾರ್ಖಾನೆಗಳ ಸಾಲಿಗೆ ಬಂತು. ಅಲ್ಲೇ ಕೆಲಸ ಮಾಡಿದ್ದ ಎಂಜಿನಿಯರ್ ಜಾನ್ ಕ್ರಾಫ್ಚಿಕ್ 1988ರ ಲೇಖನವೊಂದರಲ್ಲಿ ಈ ಪದ್ಧತಿಗೆ 'ಲೀನ್' ಅಂತ ಹೆಸರಿಟ್ಟರು.

ಇದನ್ನೇ ಜನರಲ್ ಮೋಟರ್ಸ್ ಲಾಸ್ ಏಂಜಲಿಸಿನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ಮಾಡಲು ಹೋಯಿತು. ಕೆಲಸಗಾರರು ಇಬ್ಭಾಗವಾದರು, ಮ್ಯಾನೇಜರುಗಳ ಮೇಲೆ ನಂಬಿಕೆ ಹುಟ್ಟಲೇ ಇಲ್ಲ. 1992ರಲ್ಲಿ ಅದೂ ಮುಚ್ಚಿತು.

ಕಾರಿನಾಚೆಗೂ ಈ ಹಗ್ಗ ಹೋಗಿದೆ. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯಲ್ಲಿ, ರೋಗಿಗೆ ಅಪಾಯ ಆಗಬಹುದು ಅನ್ನಿಸಿದರೆ ಯಾವ ಸಿಬ್ಬಂದಿಯಾದರೂ ಕೆಲಸ ನಿಲ್ಲಿಸಿ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಟೊಯೋಟಾದಿಂದ ಕಲಿತದ್ದು ಅದು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲೂ ಆಂಡಾನ್ ಹಾಕಿಸಿದ್ದರು. ಮೊದಲ ವಾರ ಒಬ್ಬ ಆಪರೇಟರ್ ಕೆಂಪು ದೀಪ ಹಚ್ಚಿದ. ಸೂಪರ್‌ವೈಸರ್ ದೂರದಿಂದಲೇ ಕೂಗಿದರು: "ಯಾಕಯ್ಯಾ ನಿಲ್ಸಿದೆ? ಟಾರ್ಗೆಟ್ ನಿಮ್ಮಪ್ಪ ಕೊಡ್ತಾನಾ?" ಆವತ್ತಿನಿಂದ ದೀಪ ಸದಾ ಹಸಿರು. ಮೀಟಿಂಗಿನಲ್ಲಿ ಎಲ್ಲರಿಗೂ ಖುಷಿ. ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕಾರವಾಗುವ ಪಾರ್ಟುಗಳು, ಮಾತ್ರ ಮೊದಲಿನಷ್ಟೇ. ನಾನೂ ಆಗ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಕೆಲವು ತಿಂಗಳ ನಂತರ ಬೇರೆ ಶಿಫ್ಟ್ ಇನ್‌ಚಾರ್ಜ್ ಬಂದರು. ಅವರು ಭಾಷಣ ಮಾಡಲಿಲ್ಲ, ಪೋಸ್ಟರ್ ಅಂಟಿಸಲಿಲ್ಲ. ದಿನಾ ಬೆಳಿಗ್ಗೆ ಲೈನಿಗೆ ಬಂದು, "ನಿನ್ನೆ ಯಾವುದು ಕಷ್ಟ ಆಯ್ತು?" ಅಂತ ಒಂದೇ ಮಾತು ಕೇಳುತ್ತಿದ್ದರು. ಎರಡು ವಾರ ಎಲ್ಲರೂ "ಏನಿಲ್ಲ ಸಾರ್" ಅಂದರು. ಆಮೇಲೊಂದು ದಿನ ಅದೇ ಆಪರೇಟರ್ ಕೆಂಪು ದೀಪ ಹಚ್ಚಿದ. ಇನ್‌ಚಾರ್ಜ್ ಬೇಗ ಬೇಗ ನಡೆದು ಬಂದು ಮೊದಲು "ಒಳ್ಳೇದಾಯ್ತು ಕರೆದಿದ್ದು" ಅಂದರು, ಆಮೇಲೆ ಅವನ ಪಕ್ಕ ಬಗ್ಗಿ ನಿಂತರು. ಪಾರ್ಟನ್ನು ಅಲುಗಾಡದಂತೆ ಹಿಡಿದಿಡುವ ಫಿಕ್ಸ್ಚರಿನಲ್ಲಿ ಅದನ್ನು ಕೂರಿಸುವ ಪಿನ್ನು ಒಂದು ಕಡೆ ಸವೆದಿತ್ತು. ಉಗುರಿನಿಂದ ಸವರಿದರೆ ಗೊತ್ತಾಗುವಷ್ಟು. ಅದರಿಂದಲೇ ಪಾರ್ಟಿನಲ್ಲಿ ಕೊರೆಯುವ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಬೀಳುತ್ತಿತ್ತು.

"ಎಷ್ಟು ದಿನದಿಂದ ಹೀಗಿದೆ?" ಅಂತ ಅವರು ಕೇಳಿದರು.

"ನಾಲ್ಕು ತಿಂಗಳಾಯ್ತು ಸಾರ್," ಅಂದ ಅವನು.