ಜಿಪ್ಸಿಗೆ ದಪ್ಪ ಶಾಫ್ಟ್ ಹಾಕಿಸುವ ಮುಂಚೆ

ಮಳೆಗಾಲ ಹತ್ತಿರ ಬಂದರೆ ಬೆಳಗಾವಿ ಉದ್ಯಮಬಾಗದ ಗ್ಯಾರೇಜುಗಳಲ್ಲಿ ಒಂದೇ ಮಾತು: "ಖಾನಾಪುರ ಕಡೆ ಕೆಸರಿಗೆ ಹೊಂಟೇವ್ರಿ, ದಪ್ಪನ್ನ ಪ್ರೊಪೆಲ್ಲರ್ ಶಾಫ್ಟ್ ಹಾಕಿ ಬಿಡ್ರಿ." ಈ ಶಾಫ್ಟ್ ಅಂದರೆ ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲಿಗೆ ತಿರುಗುವ ಬಲ ಒಯ್ಯುವ ದಂಡ. ನಾನು ಮೊದಲು ಕೇಳುವುದು ಟೈರ್ ಸೈಜು, ಆಮೇಲೆ ಮಣ್ಣು ಯಾವುದು ಅಂತ.

ವಿಜಯಪುರದ ಎರೆ ಮಣ್ಣು ನೆನೆದರೆ ಟೈರಿಗೆ ಮೆತ್ತಿಕೊಂಡು ಬಿಡುತ್ತದೆ. ಅದನ್ನು ಕೊಡವಲು ಚಕ್ರ ಸ್ವಲ್ಪ ಜೋರಾಗಿಯೇ ತಿರುಗಬೇಕು. ಅಲ್ಲಿ ಚಕ್ರ ನಿಧಾನ ಮಾಡಿ ಬಲ ಹೆಚ್ಚಿಸುವ ಲೋ ಗೇರನ್ನು ಇನ್ನೂ ಇಳಿಸಿಕೊಂಡು ಏನು ಮಾಡುತ್ತೀರಿ? ಕಲ್ಲು ದಿಬ್ಬ ಹತ್ತುವವರಿಗಾದರೆ ಅದು ನಿಜಕ್ಕೂ ಬೇಕು.

1.3 ಲೀಟರ್ ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನಲ್ಲಿ (ಗೇರ್‌ಬಾಕ್ಸಿನ ಬಲವನ್ನು ಹಿಂದಿನ, ಮುಂದಿನ ಶಾಫ್ಟಿಗೆ ಹಂಚುವ ಡಬ್ಬಿ) ಲೋ ರೇಷಿಯೋ 2.268, ಅಂದರೆ ಲೋದಲ್ಲಿ ತಿರುಚು ಬಲ ಅಷ್ಟು ಪಟ್ಟು ಆಗುತ್ತದೆ. ಹೊರಗೆ ಸಿಗುವ 4.16ರ ಗೇರ್ ಸೆಟ್ ಹಾಕಿದರೆ, ಇಂಜಿನ್ ಅದೇ ಇದ್ದರೂ ಹಿಂದಿನ ಮತ್ತು ಮುಂದಿನ ಶಾಫ್ಟ್ ಮೇಲಿನ ತಿರುಚು ಸುಮಾರು 1.8 ಪಟ್ಟು. ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಬರುವ ಗಿಡ್ಡ ಶಾಫ್ಟಿಗೆ ಮಾತ್ರ ಈ ಹೆಚ್ಚಿನ ಭಾರ ಇಲ್ಲ. ಹಾಗಾಗಿ ಮೂರೂ ಬದಲಿಸಿ ಎನ್ನುವವರ ಮಾತು ಕೇಳಬೇಡಿ. ಜಿಪ್ಸಿಯಲ್ಲಿ ಈ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರ್ ಮೌಂಟ್ ಮೇಲೆ ಕೂತಿದೆ. ಲೋದಲ್ಲಿ ಎಕ್ಸಲರೇಟರ್ ಒತ್ತಿದಾಗ ಕೇಸೇ ಹೊರಳಲು ನೋಡುತ್ತದೆ. ಗೇರ್ ಸೆಟ್ ತರುವ ದುಡ್ಡಿದ್ದರೆ ಮೊದಲು ಗಟ್ಟಿ ಮೌಂಟ್ ಹಾಕಿಸಿ. ಇದನ್ನು ಮಾತ್ರ ಯಾರೂ ಕೇಳಿಕೊಂಡು ಬರುವುದಿಲ್ಲ ನೋಡಿ!

ಗಾಡಿ ಎತ್ತರಿಸಿದ್ದರೆ ಶಾಫ್ಟಿನ ದಪ್ಪಕ್ಕಿಂತ ಉದ್ದ ಮುಖ್ಯ. ಜ್ಯಾಕ್ ಹಾಕಿ ಆಕ್ಸಲನ್ನು ಪೂರ್ತಿ ಕೆಳಗೆ ಇಳಿಬಿಡಿ. ಆಗ ಶಾಫ್ಟ್ ಉದ್ದ-ಗಿಡ್ಡ ಆಗಲು ಜಾರುವ ಸ್ಪ್ಲೈನ್ (ಹಲ್ಲಿನ ಕೂಡು) ಎಷ್ಟು ಒಳಗೆ ಉಳಿದಿದೆ ಅಂತ ಅಳೆಯಿರಿ. ತುದಿಗೆ ಬಂದಿದ್ದರೆ ಲೇತ್‌ನಲ್ಲಿ ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಲೇಬೇಕು. ಶಾಫ್ಟಿನ ಎರಡೂ ತುದಿಯ ಯೋಕ್ (ಕವೆಯಂಥ ಭಾಗ) ಒಂದೇ ಸಾಲಿನಲ್ಲಿರಬೇಕು, ಎರಡೂ ಕಡೆಯ ಕೋನ ಸಮ ಇರಬೇಕು. ಇಲ್ಲದಿದ್ದರೆ ಹೊಸ ಶಾಫ್ಟೂ ನಡುಗುತ್ತದೆ. ಬಿಚ್ಚುವ ಮುಂಚೆ ಸ್ಪ್ಲೈನ್ ಕೂಡುವ ಜಾಗದಲ್ಲಿ ಬಣ್ಣದ ಗೀಟು ಎಳೆದುಕೊಂಡರೆ ಈ ತಲೆನೋವು ಅರ್ಧ ತಪ್ಪುತ್ತದೆ.

ಇನ್ನು ಕ್ರಾಸ್, ಅಂದರೆ ಯೋಕ್‌ಗಳನ್ನು ಕೂಡಿಸುವ ಪ್ಲಸ್ ಆಕಾರದ ಜಾಯಿಂಟ್. ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿದಾಗ ಟಕ್ ಅನ್ನುತ್ತದೆಯಾ? ಕ್ರಾಸಿನ ತುದಿಯ ಬೇರಿಂಗ್ ಕಪ್ ಸುತ್ತ ತುಕ್ಕಿನ ಬಣ್ಣದ ಪುಡಿ ಇದೆಯಾ? ಒಳಗಿನ ಸೂಜಿ ಬೇರಿಂಗ್ ಒಣಗಿದೆ ಅಂತ ಅರ್ಥ. ಹೊಳೆ ದಾಟಿ ಬಂದ ಮೇಲೆ ಹಳೇ ಗ್ರೀಸ್ ಹೊರಬರುವ ತನಕ ಹೊಸದು ತುಂಬಿಸಿ. ಡಾಂಬರ್ ರಸ್ತೆ ಸಿಕ್ಕ ಕೂಡಲೇ 4 ವೀಲ್ ಡ್ರೈವ್ ತೆಗೆಯಿರಿ. ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟ್ ಸುಮ್ನೆ ಒಂದನ್ನೊಂದು ಹಿಂಡುತ್ತವೆ.

ಎಲ್ಲಕ್ಕಿಂತ ಗಟ್ಟಿ ಶಾಫ್ಟ್ ಹಾಕುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಆಗ ಏಟೆಲ್ಲ ಆಕ್ಸಲಿಗೆ ಹೋಗುತ್ತದೆ. ಕ್ರಾಸ್ ಹೋದರೆ ಆ ಶಾಫ್ಟ್ ಬಿಚ್ಚಿ ಹಿಂದೆ ಹಾಕಿಕೊಂಡು, ಇನ್ನೊಂದು ಆಕ್ಸಲಿನ ಮೇಲೆ ನಿಧಾನಕ್ಕೆ ಊರು ಸೇರಬಹುದು. ಆಕ್ಸಲ್ ಹೋದರೆ ಟ್ರ್ಯಾಕ್ಟರ್ ಕರೆಸಬೇಕು. ಎರಡು ಕ್ರಾಸ್, ಅವನ್ನು ಹಿಡಿದಿಡುವ ಸರ್ಕ್ಲಿಪ್ ಸಮೇತ, ಟೂಲ್ ಡಬ್ಬಿಯಲ್ಲಿ ಇಟ್ಟುಕೊಂಡಿರಿ.