ಅಡ್ವೆಂಚರ್ ಕೊಳ್ಳುವ ಮುಂಚೆ ಗುಪ್ತ ಬಾಗಿಲನ್ನು ಹುಡುಕಿ

ಒಂದು ಫ್ಯಾಂಟಸಿ ಅಡ್ವೆಂಚರ್ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದೆ. ಅಡ್ವೆಂಚರ್ ಅಂದರೆ, ಕೆಲವರು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ (ಕ್ಯಾರೆಕ್ಟರ್) ಆಡುವ ಆಟಕ್ಕೆ ಬರೆದಿಟ್ಟ ಕಥೆ; ಪಾತ್ರದ ಪ್ರಯತ್ನ ಫಲಿಸಿತೋ ಇಲ್ಲವೋ ಅಂತ ಡೈಸ್ ಹೇಳುತ್ತದೆ. ಪಾಳುಬಿದ್ದ ಮಠ, ತಮ್ಮನನ್ನೇ ಕೊಂದ ಗುರು, ಗೋಡೆಯೊಳಗಿಂದ ಕೇಳಿಸುವ ಪ್ರಾರ್ಥನೆ. ಕಥೆ ಸೊಗಸಾಗಿತ್ತು. ಎರಡು ವಾರ ಬಿಟ್ಟು ಐದು ಜನರನ್ನು ಕೂರಿಸಿಕೊಂಡು ಆಡಿಸಿದೆ. ನಲವತ್ತು ನಿಮಿಷಕ್ಕೇ ಆಟ ನಿಂತುಹೋಯಿತು. ಮುಂದೆ ಹೋಗಲು ಇದ್ದದ್ದು ಒಂದೇ ದಾರಿ, ಕಪಾಟಿನ ಹಿಂದಿನ ಗುಪ್ತ ಬಾಗಿಲು. ಅದನ್ನು ಕಂಡುಹಿಡಿಯಲು ಡೈಸ್ ಉರುಳಿಸಬೇಕಿತ್ತು. ಉರುಳಿಸಿದರು, ಸಿಗಲಿಲ್ಲ. ಸಿಗದಿದ್ದರೆ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ಒಂದು ಇಲಿ ಓಡಿಬಂದು ಕಪಾಟಿನ ಹಿಂದೆ ನುಸುಳಿತು ಅಂತ ನಾನೇ ಸೇರಿಸಿ ಬಚಾವಾದೆ.

ಆಮೇಲೆ ಇಂಥ ಪುಸ್ತಕಗಳನ್ನು ತಿದ್ದುವುದೇ ನನ್ನ ಕೆಲಸವಾಯಿತು. ಕೈಗೆ ಬಂದ ಪ್ರತಿ ಹಸ್ತಪ್ರತಿಯಲ್ಲೂ ಮೊದಲು ಹುಡುಕುವುದು ಆ ಬಾಗಿಲನ್ನೇ. ಅದು ಬಾಗಿಲಾಗಿಯೇ ಇರಬೇಕೆಂದಿಲ್ಲ. ಬಾಯಿ ಬಿಡಲೇಬೇಕಾದ ಒಬ್ಬ ಕೈದಿ ಇರಬಹುದು, ಓದಲೇಬೇಕಾದ ಒಂದು ಪತ್ರ ಇರಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡಿ. 20 ಮುಖದ ಡೈಸ್, ಮುಟ್ಟಬೇಕಾದ ಅಂಕ 15, ಕ್ಯಾರೆಕ್ಟರ್‌ಗೆ 5ರ ಬೋನಸ್. ಅಂದರೆ 10 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ಸಾಧ್ಯತೆ ಶೇ. 55. ಒಬ್ಬರೇ ಒಂದು ಸಲ ಉರುಳಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಟೇಬಲ್‌ಗಳಲ್ಲಿ ಕಥೆ ಅಲ್ಲೇ ಸತ್ತಿತು. ಅದೇ ವಿಷಯಕ್ಕೆ ಮೂರು ಬೇರೆ ಬೇರೆ ಸುಳಿವು ಇಟ್ಟರೆ, ಮೂರೂ ಕೈತಪ್ಪುವ ಸಾಧ್ಯತೆ ಶೇ. 9ಕ್ಕೆ ಇಳಿಯುತ್ತದೆ. ಆದರೆ ಮೂರೂ ಸುಳಿವು ಒಂದೇ ಬೀಗ ಹಾಕಿದ ಕೋಣೆಯಲ್ಲಿದ್ದರೆ ಅದು ಒಂದೇ ಸುಳಿವು. ಎಷ್ಟೋ ಬರಹಗಾರರು ಎಡವುವುದು ಇಲ್ಲೇ.

ಪ್ರಕಟವಾದ ಅಡ್ವೆಂಚರನ್ನು ಕಾದಂಬರಿಯ ಹಾಗೆ ಓದಿ ಮಾರ್ಕ್ಸ್ ಕೊಡುವವರು ತುಂಬಾ ಜನ. ನನಗೆ ಅದು ಅಡುಗೆ ಪುಸ್ತಕವನ್ನು ಓದಿಯೇ ಊಟ ಚೆನ್ನಾಗಿದೆ ಅಂದ ಹಾಗೆ ಕೇಳಿಸುತ್ತದೆ. ಈ ಪುಸ್ತಕವನ್ನು ನಿಜವಾಗಿ ಬಳಸುವುದು ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್. ಒಂದು ಕೈಯಲ್ಲಿ ಡೈಸ್, ಎದುರಿಗೆ ಐದು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ, ಕಣ್ಣು ಹಾಯಿಸಲು ಸಿಗುವುದು ಹತ್ತು ಸೆಕೆಂಡ್. ಆ ಹತ್ತು ಸೆಕೆಂಡಿನಲ್ಲಿ ಪುಸ್ತಕ ಅವರ ಕೈಹಿಡಿಯುತ್ತದಾ?

ಇತ್ತೀಚೆಗೆ ತಿದ್ದಿದ ಒಂದು ಕೋಣೆಯ ವಿವರಣೆ ಹೀಗಿತ್ತು. ಮೊದಲ ಪ್ಯಾರಾ: ಇದು ಒಂದು ಕಾಲದಲ್ಲಿ ಅರಮನೆಯ ಅಡುಗೆಮನೆ, ಮುಖ್ಯ ಬಾಣಸಿಗನಿಗೆ ರಾಣಿಯ ಮೇಲೆ ಪ್ರೀತಿ ಇತ್ತು. ಎರಡನೇ ಪ್ಯಾರಾ: ಒಲೆಯ ಮೇಲಿನ ಕೆತ್ತನೆ. ಮೂರನೇ ಪ್ಯಾರಾದ ಕೊನೆಯಲ್ಲಿ: ಮೂಲೆಯಲ್ಲಿ ಒಂದು ಓಗರ್ ಮಾಂಸ ಕಡಿಯುತ್ತಿದೆ. ಅಲ್ಲ, ಎಂಟು ಅಡಿ ಎತ್ತರದ ರಾಕ್ಷಸ ಮಚ್ಚು ಹಿಡಿದು ನಿಂತಿರುವಾಗ ಬಾಗಿಲು ತೆಗೆದವರ ಕಣ್ಣು ಮೊದಲು ಹೋಗುವುದು ಕೆತ್ತನೆಯ ಮೇಲಾ? ಬಾಣಸಿಗನ ಪ್ರೇಮವಂತೂ ಆಟಗಾರರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಾನು ಓಗರನ್ನು ಮೊದಲ ಸಾಲಿಗೆ ತಂದೆ. ಪಕ್ಕದ ಕೋಣೆಯಲ್ಲಿ ಗದ್ದಲವಾದರೆ ಅದು ಏನು ಮಾಡುತ್ತದೆ ಅಂತ ಎರಡನೇ ಸಾಲಿನಲ್ಲಿ ಬರೆಸಿದೆ. ಪ್ರೇಮಕಥೆಯನ್ನು ಒಲೆಯೊಳಗೆ ಅಡಗಿಸಿಟ್ಟ ಒಂದು ಪತ್ರ ಮಾಡಿದೆವು. ಈಗ ಅದು ಆಟದೊಳಗೆ ಬಂತು.

ಓಗರ್ ಅಂದಾಗ ನೆನಪಾಗುವುದು ಗ್ಯಾರಿ ಗೈಗ್ಯಾಕ್ಸ್ ಬರೆದ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್'. ಈ ಬಗೆಯ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹೊಸಬರ ಬೇಸಿಕ್ ಡಬ್ಬದೊಳಗೇ ಬರುತ್ತಿದ್ದ ಹಳೆಯ ಅಡ್ವೆಂಚರ್ ಅದು. ಗುಹೆಯಲ್ಲಿರುವ ಕುಳ್ಳ ಜೀವಿಗಳಾದ ಗಾಬ್ಲಿನ್‌ಗಳು ಸೋಲುವ ಹಾಗಾದರೆ ಗುಪ್ತ ಬಾಗಿಲಿನ ಮೂಲಕ ಪಕ್ಕದ ಓಗರ್‌ನತ್ತ 250 ಚಿನ್ನದ ನಾಣ್ಯದ ಚೀಲ ಎಸೆಯುತ್ತವೆ. ದುಡ್ಡು ಸಿಕ್ಕಿದ ಮೇಲೆ ಅದು ಬಂದು ಅವುಗಳ ಪರವಾಗಿ ಹೊಡೆದಾಡುತ್ತದೆ. ಇಷ್ಟೇ ವಿವರ. ಆದರೆ ಎರಡು ಕೋಣೆಗಳ ನಡುವೆ ಒಂದು ಸಂಬಂಧ ಹುಟ್ಟಿಬಿಟ್ಟಿತು. ನಾವು 300 ಕೊಟ್ಟರೆ ಓಗರ್ ಪಕ್ಷ ಬದಲಿಸುತ್ತದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹಾಗೆ ಕೇಳುವಂತೆ ಮಾಡುವ ಪುಸ್ತಕಕ್ಕೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಅದೇ ಪುಸ್ತಕದ ಕೋಟೆಯಲ್ಲಿ ಜನರಿಗೆ ಹೆಸರೇ ಇಲ್ಲ, ಬರೀ ಹುದ್ದೆಗಳು. ಹೊಸ ಡಿಎಂಗೆ ಅದು ತಲೆನೋವೇ, ಸುಳ್ಳು ಹೇಳುವುದಿಲ್ಲ.

ಮ್ಯಾಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆರಳಿಟ್ಟು ದಾರಿ ಎಳೆಯಿರಿ. ಬಾಗಿಲಿನಿಂದ ಕೊನೆಯ ಕೋಣೆಯವರೆಗೆ ಬೆರಳು ಒಮ್ಮೆಯೂ ಕವಲೊಡೆಯದಿದ್ದರೆ ಅದು ಡಂಜನ್ (ಕೋಣೆ, ದಾರಿಗಳು ಹೆಣೆದುಕೊಂಡ ನೆಲಮಾಳಿಗೆ) ಅಲ್ಲ, ಕಾರಿಡಾರ್. ಜೆನೆಲ್ ಜೇಕ್ವೇಸ್ 1979ರಲ್ಲಿ ಮಾಡಿದ 'ಕ್ಯಾವರ್ನ್ಸ್ ಆಫ್ ಥ್ರೇಸಿಯಾ' ಅಡ್ವೆಂಚರಿನಲ್ಲಿ ಕೆಳಗಿನ ಹಂತಗಳಿಗೆ ಇಳಿಯಲು ಹಲವು ದಾರಿಗಳಿವೆ. ಹಾಗಾಗಿ ಒಂದು ತಂಡ ಕಂಡದ್ದನ್ನು ಇನ್ನೊಂದು ತಂಡ ಕಾಣದೇ ಇರಬಹುದು.

ಗಟ್ಟಿಯಾಗಿ ಓದಿ ಹೇಳಲು ಚೌಕದೊಳಗೆ ಕೊಡುವ ಮಾತುಗಳಿವೆಯಲ್ಲ, ಅವುಗಳ ಬಗ್ಗೆ ನನಗೆ ಸ್ವಲ್ಪ ಜಗಳಗಂಟ ಸ್ವಭಾವ. ನಾಲ್ಕು ವಾಕ್ಯ ದಾಟಿದರೆ ಆಟಗಾರರ ಕೈ ಫೋನಿನ ಕಡೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು 'ಭಯದಿಂದ ನೀವು ಎರಡು ಹೆಜ್ಜೆ ಹಿಂದೆ ಸರಿಯುತ್ತೀರಿ' ಅನ್ನುವ ಥರದ್ದು. ನನ್ನ ಕ್ಯಾರೆಕ್ಟರ್ ಹೆದರಬೇಕೋ ಬೇಡವೋ ಅಂತ ತೀರ್ಮಾನಿಸುವುದು ನಾನು, ಪುಸ್ತಕ ಅಲ್ಲ.

ಹಾಗಂತ ಎಲ್ಲ ಪುಸ್ತಕಕ್ಕೂ ಒಂದೇ ಅಳತೆಗೋಲು ಹಿಡಿಯುವುದೂ ತಪ್ಪು. ಗೋರಿಯೊಂದರೊಳಗೆ ನಡೆಯುವ ಅಡ್ವೆಂಚರ್ 'ಟೂಂಬ್ ಆಫ್ ಹಾರರ್ಸ್' ಪುಸ್ತಕವಾಗಿ ಬಂದದ್ದು 1978ರಲ್ಲಿ, ಆದರೆ ಅದನ್ನು 1975ರ ಒರಿಜಿನ್ಸ್ ಎಂಬ ಆಟಗಳ ಸಮ್ಮೇಳನದಲ್ಲೇ ಸ್ಪರ್ಧೆಗೆ ಆಡಿಸಿದ್ದರು. ಕೆಲವೇ ಗಂಟೆ ಸಮಯ, ಯಾವ ತಂಡ ಎಷ್ಟು ದೂರ ಹೋಗುತ್ತದೆ ಅನ್ನುವುದೇ ಪ್ರಶ್ನೆ. ಅಲ್ಲಿ ಒಂದು ತಪ್ಪು ಹೆಜ್ಜೆಗೆ ಸಾವು ಬಂದರೆ ಅದಕ್ಕೊಂದು ಅರ್ಥ ಇದೆ. ಎರಡು ವರ್ಷ ಪ್ರೀತಿಯಿಂದ ಬೆಳೆಸಿದ ಕ್ಯಾರೆಕ್ಟರನ್ನು ಅದೇ ಗೋರಿಯೊಳಗೆ ಕಳಿಸಿ, ಆಮೇಲೆ ಬರೆದವರಿಗೆ ಬೈದರೆ ಏನು ಬಂತು?

ಅಂಗಡಿಯಲ್ಲಿ ನಿಂತು ನೋಡಲು ಐದೇ ನಿಮಿಷ ಇದ್ದರೆ ಮುನ್ನುಡಿ ಬಿಟ್ಟುಬಿಡಿ. ಮುನ್ನುಡಿಯನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಸುಮ್ನೆ ನಡುವಿನ ಒಂದು ಪುಟ ತೆಗೆದು ಒಂದು ಕೋಣೆ ಓದಿ. ಒಳಗೆ ಯಾರಿದ್ದಾರೆ, ಅವರಿಗೇನು ಬೇಕು, ಆಟಗಾರರು ಹೊಡೆದಾಡದೆ ಮಾತಾಡಿದರೆ ಏನಾಗುತ್ತದೆ, ಈ ಮೂರಕ್ಕೆ ಉತ್ತರ ಅದೇ ಪುಟದಲ್ಲಿ ಸಿಗಬೇಕು. ಸಿಗದಿದ್ದರೆ ಇನ್ನೊಂದು ಪುಟ ತೆಗೆಯಿರಿ. ಅಲ್ಲೂ ಸಿಗದಿದ್ದರೆ ಪುಸ್ತಕವನ್ನು ಇದ್ದ ಜಾಗಕ್ಕೇ ಇಟ್ಟುಬಿಡಿ, ಮುಖಪುಟದ ಡ್ರ್ಯಾಗನ್ ಎಷ್ಟೇ ಚಂದ ಇದ್ದರೂ ಸರಿ.