ಬಲಿಗೆ ಹೊರಟ ಮಗ ಯಾರು?

ಬಕ್ರೀದ್ ಬಂತೆಂದರೆ ಬೀದರಿನ ಮಸೀದಿಗಳಲ್ಲಿ ಇಬ್ರಾಹಿಂ ಪ್ರವಾದಿ ಮಗನನ್ನು ಬಲಿ ಕೊಡಲು ಹೊರಟ ಕಥೆ ಕೇಳಿಬರುತ್ತದೆ. ಅದೇ ಊರಿನ ಮೆಥೋಡಿಸ್ಟ್ ಚರ್ಚಿಗೆ ಹೋಗುವವರಿಗೂ ಇದು ಗೊತ್ತಿರುವ ಕಥೆಯೇ. ಆದರೆ ಚರ್ಚಿನವರಿಗೆ ಆ ಮಗ ಇಸಾಕ, ಮಸೀದಿಯವರಿಗೆ ಇಸ್ಮಾಯಿಲ್. ಕುರಾನ್ ಮಾತ್ರ ಈ ಪ್ರಸಂಗದಲ್ಲಿ ಮಗನ ಹೆಸರನ್ನೇ ಹೇಳುವುದಿಲ್ಲ! 923ರಲ್ಲಿ ತೀರಿಕೊಂಡ ಹೆಸರಾಂತ ಕುರಾನ್ ವ್ಯಾಖ್ಯಾನಕಾರ ತಬರಿ, ಅವನು ಇಸಾಕನೇ ಎಂದು ವಾದಿಸಿದ್ದರು. ಇಸ್ಮಾಯಿಲ್ ಎಂಬ ಅಭಿಪ್ರಾಯ ಮುಂದೆ ಗಟ್ಟಿಯಾಯಿತು.

ಕಥೆ ಮೊದಲು ಸಿಗುವುದು ಯೆಹೂದಿಗಳ ಪವಿತ್ರ ಗ್ರಂಥ ತೋರಾದಲ್ಲಿ. ನಮ್ಮ ಕಡೆ ಯೆಹೂದಿಗಳನ್ನು ಕಂಡವರು ಕಡಿಮೆ. ಆದರೂ ಅವರ ಗ್ರಂಥ ಚರ್ಚಿನ ಬೈಬಲಿನೊಳಗೆ ಹಳೆಯ ಒಡಂಬಡಿಕೆಯಾಗಿ ಇದೆ. ಸುಮಾರು 144ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬೋಧಕ ಮಾರ್ಸಿಯನ್ ಅದು ಬೇಡವೇ ಬೇಡ ಎಂದ. ಅಲ್ಲಿನ ಕ್ರೈಸ್ತ ಸಭೆ ಅವನನ್ನೇ ಹೊರಗೆ ಹಾಕಿತು. ಹೀಗೆ ಪುಸ್ತಕ ಉಳಿಯಿತು, ಓದು ಬದಲಾಯಿತು. ಕಟ್ಟಿಗೆ ಹೊತ್ತು ಬೆಟ್ಟ ಹತ್ತಿದ ಇಸಾಕನಲ್ಲಿ ಕ್ರೈಸ್ತರು ಶಿಲುಬೆ ಹೊತ್ತ ಯೇಸುವನ್ನು ಕಂಡರು. ಯೆಹೂದಿಗಳು ಈ ಓದನ್ನು ಒಪ್ಪಲೇ ಇಲ್ಲ.

ಇಸ್ಲಾಮಿನ ತಕರಾರೇ ಬೇರೆ. ತೌರಾತ್ (ತೋರಾ), ಜಬೂರ್ (ದಾವೀದನ ಕೀರ್ತನೆಗಳು), ಇಂಜೀಲ್ (ಯೇಸುವಿನ ಸುವಾರ್ತೆ) ಅಲ್ಲಾಹನಿಂದಲೇ ಬಂದವು ಎಂದು ಕುರಾನ್ ಒಪ್ಪುತ್ತದೆ. ಯೇಸುವಿನ ತಾಯಿ ಮರ್ಯಮ್ ಹೆಸರಿನ ಅಧ್ಯಾಯವೇ ಅದರಲ್ಲಿದೆ. ಈಸಾ, ಅಂದರೆ ಯೇಸು, ಕನ್ಯೆಯ ಮಗ, ದೊಡ್ಡ ಪ್ರವಾದಿ. ಆದರೆ ದೇವರ ಮಗನಲ್ಲ. ಹಾಗಾದರೆ ಈಗಿರುವ ಬೈಬಲ್ ಬೇರೆ ಮಾತು ಹೇಳುವುದೇಕೆ? ಯೆಹೂದಿಗಳು, ಕ್ರೈಸ್ತರು ಅರ್ಥವನ್ನು ತಿರುಚಿದ್ದಾರೆ ಎಂದರು ಕೆಲವು ಮುಸ್ಲಿಂ ವಿದ್ವಾಂಸರು. 11ನೇ ಶತಮಾನದ ಇಬ್ನ್ ಹಜಮ್ ಅಲ್ಲಿಗೆ ನಿಲ್ಲಲಿಲ್ಲ. ಬರಹವನ್ನೇ ತಿದ್ದಿದ್ದಾರೆ ಎಂದು ಒಂದೊಂದೇ ಪ್ರಸಂಗ ಹಿಡಿದು ಜಗಳ ತೆಗೆದರು.

ಇದರ ವಿಚಿತ್ರ ಪರಿಣಾಮ 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೆಸ್ ಬರಹದಲ್ಲಿದೆ. ಅವರ ಪ್ರಕಾರ ಮುಸ್ಲಿಮರು ಅಪ್ಪಟ ಏಕದೇವ ಆರಾಧಕರು, ಕ್ರೈಸ್ತರದು ವಿಗ್ರಹಾರಾಧನೆ. ಹಾಗಿದ್ದರೆ ತೋರಾ ಕಲಿಸಬೇಕಾದ್ದು ಮುಸ್ಲಿಮರಿಗೆ, ಅಲ್ವಾ? ಅವರು ಹೇಳಿದ್ದು ಉಲ್ಟಾ. ಕ್ರೈಸ್ತರು ಮೂಲ ಬರಹವನ್ನು ನಂಬುತ್ತಾರೆ, ಅವರಿಗೆ ಕಲಿಸಬಹುದು. ಮುಸ್ಲಿಮರು ನಂಬುವುದಿಲ್ಲ, ಬೇಡ. ನಂಬಿಕೆ ಹತ್ತಿರವಿದ್ದರೂ ಪುಸ್ತಕ ದೂರವಾಗಿತ್ತು.

ವಾದ ಯಾವಾಗಲೂ ಬರೀ ಮಾತಿನಲ್ಲಿ ಮುಗಿಯಲಿಲ್ಲ. 1242ರಲ್ಲಿ ಪ್ಯಾರಿಸಿನಲ್ಲಿ ಯೆಹೂದಿಗಳ ಧರ್ಮಶಾಸ್ತ್ರ, ವ್ಯಾಖ್ಯಾನಗಳ ತಾಲ್ಮುಡ್ ಗ್ರಂಥಗಳನ್ನು ಗಾಡಿಗಟ್ಟಲೆ ತಂದು ಸುಟ್ಟರು. ಕ್ಯಾಥೋಲಿಕ್ ಚರ್ಚು ಅಧಿಕೃತವಾಗಿ ದನಿ ಬದಲಿಸಿದ್ದು 1965ರಲ್ಲಿ. ಯೇಸುವಿನ ಸಾವಿನ ಹೊಣೆಯನ್ನು ಎಲ್ಲ ಯೆಹೂದಿಗಳ ಮೇಲೆ ಹೊರಿಸಬಾರದು ಎಂದು ಆ ವರ್ಷದ ವ್ಯಾಟಿಕನ್ ಘೋಷಣೆ ಹೇಳಿತು. ಮುಸ್ಲಿಮರು ಯೇಸುವನ್ನು ಪ್ರವಾದಿಯೆಂದು, ಮರಿಯಳನ್ನು ಕನ್ಯೆಯೆಂದು ಗೌರವಿಸುವುದನ್ನೂ ಮೆಚ್ಚಿತು. ಆದರೆ ಕುರಾನಿನ ಹೆಸರಾಗಲಿ, ಪ್ರವಾದಿ ಮುಹಮ್ಮದರ ಹೆಸರಾಗಲಿ ಆ ಘೋಷಣೆಯಲ್ಲಿ ಎಲ್ಲೂ ಇಲ್ಲ.